ಉಳಿಗೆ ಒಲಿದ ಕಲ್ಲು

ಕಲ್ಲು ಎಂದೊಡನೆ ನಮಗೆ ಹೊಳೆಯುವ ಗುಣ ಕಾಠಿಣ್ಯ. ಕರುಣೆಯಿಲ್ಲದವನನ್ನು ಕಲ್ಲೆದೆಯವನೆನ್ನುತ್ತೇವೆ; ಬದಲಾಗದ ಮಾತನ್ನು ಕಲ್ಲಿನ ಮೇಲಣ ಬರಹವೆನ್ನುತ್ತೇವೆ. ಆದರೆ ಮಗುವಿನ ಕೈಗೂ ಮಣಿಯುವ ಕಲ್ಲೊಂದುಂಟು. ತಲೆಮಾರುಗಳ ಕಾಲ ನಮ್ಮ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದಿದ ಬಳಪ ಆ ಕಲ್ಲಿನ ಚೂರೇ ಆಗಿದ್ದಿತು. ಆದುದರಿಂದಲೇ ಅದಕ್ಕೆ ಬಳಪದ ಕಲ್ಲೆಂಬ ಹೆಸರು.

ಈ ಬಳಪದ ಕಲ್ಲಿನ ಕುಲಕ್ಕೆ ಸೇರಿದ ಶಿಲೆಯಿಂದಲೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ಗದಗ ಸೀಮೆಯ ಶಿಲ್ಪಿಗಳು ದೇವಾಲಯಗಳನ್ನು ಕಟ್ಟಿದರು. ಉಗುರಿನ ಗೀರಿಗೇ ಅಂಜುವಂತಹ ಕಲ್ಲು ಒಂಬತ್ತು ಶತಮಾನಗಳ ಮಳೆ, ಬಿಸಿಲು, ಗಾಳಿಗಳನ್ನು ತಾಳಿ ನಿಂತುದು ಹೇಗೆ? ಗಟ್ಟಿಯಾದ ಮರಳುಗಲ್ಲಿನಲ್ಲಿ ನುರಿತಿದ್ದ ಕುಶಲಿಗಳು ಅದನ್ನು ಬಿಟ್ಟು ಈ ಮೆದುಕಲ್ಲನ್ನು ಆರಿಸಿದುದೇಕೆ? ಈ ಎರಡು ಪ್ರಶ್ನೆಗಳನ್ನು ಬುತ್ತಿಯ ಜೊತೆಗೆ ಕಟ್ಟಿಕೊಂಡು ಹೊರಡುವ ಪ್ರಯಾಣಿಕನಿಗೆ ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರಗಳ ಗುಡಿಗಳು ಭಕ್ತಿಯ ಸ್ಥಾನಗಳಾಗಿಯೂ, ಜೊತೆಗೆ ಒಂದು ದೊಡ್ಡ ಪ್ರಯೋಗಶಾಲೆಯಾಗಿಯೂ ಕಾಣುತ್ತವೆ.

ಗದಗಿನಲ್ಲಿ ಮೊದಲ ದಿನ

ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ರೈಲು ಎರೆಮಣ್ಣಿನ ಹೊಲಗಳ ನಡುವೆ ಸಾಗಿ ಗದಗನ್ನು ಮುಟ್ಟುತ್ತದೆ. ಗುಂತಕಲ್ಲಿನ ಕಡೆಗೂ ಸೊಲ್ಲಾಪುರದ ಕಡೆಗೂ ದಾರಿಗಳು ಕವಲೊಡೆಯುವ ನಿಲ್ದಾಣವಿದು. ಮುದ್ರಣಕ್ಕೆ ಹೆಸರಾದ ಗದಗ, ಮಗ್ಗಕ್ಕೆ ಹೆಸರಾದ ಬೆಟಗೇರಿ ಎರಡೂ ಕೂಡಿ ಒಂದೇ ನಗರವಾಗಿವೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಗದಗ ತಾನೇ ಒಂದು ಜಿಲ್ಲೆಯಾಯಿತು.

ಊರೊಳಗೆ ವೀರನಾರಾಯಣನ ಗುಡಿಯುಂಟು. ಕುಮಾರವ್ಯಾಸನು ಅಲ್ಲಿಯ ಕಂಬವೊಂದರ ಬಳಿ ಕುಳಿತು ತನ್ನ ಭಾರತವನ್ನು ರಚಿಸಿದನೆಂದು ಜನ ಇಂದಿಗೂ ಆ ಕಂಬವನ್ನು ತೋರಿಸುತ್ತಾರೆ. ನಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಕಂಬಗಳಾದರೋ ತ್ರಿಕೂಟೇಶ್ವರ ದೇವಾಲಯದ ಆವರಣದಲ್ಲಿವೆ. ಕಲ್ಯಾಣದ ಚಾಲುಕ್ಯರು 973ರಿಂದ ಎರಡು ಶತಮಾನಗಳಿಗೂ ಮಿಕ್ಕು ಈ ನಾಡನ್ನಾಳಿದರು. ಅವರ ಕಾಲದ ಶಿಲ್ಪಿಗಳ ಕೈ ಎಷ್ಟು ಪಳಗಿದ್ದಿತೆಂಬುದನ್ನು ಅರಿಯಲು ಈ ಆವರಣದ ಸರಸ್ವತಿಯ ಗುಡಿಯೊಂದೇ ಸಾಕು. ದೇವಿಯ ಮೂರ್ತಿ ಭಗ್ನವಾಗಿದೆ. ಆದರೆ ಮುಂದಿನ ಮಂಟಪದ ಕಂಬಗಳು ಇಂದಿಗೂ ನೋಡುವವರನ್ನು ನಿಲ್ಲಿಸಿಬಿಡುತ್ತವೆ. ಬುಡದಿಂದ ತಲೆಯವರೆಗೆ ಗೆರೆಯ ಮೇಲೆ ಗೆರೆ, ಬಳೆಯ ಮೇಲೆ ಬಳೆ. ಒಂದರ ಅಂಚು ಇನ್ನೊಂದಕ್ಕೆ ತಾಕದಷ್ಟು ಹರಿತ. ಕಮ್ಮಾರನ ಮನೆಯ ಲೋಹದ ಕೆಲಸವೋ ಅಕ್ಕಸಾಲಿಯ ಕೆಲಸವೋ ಎಂಬ ಭ್ರಾಂತಿ ಹುಟ್ಟುತ್ತದೆ.

ಮಂಟಪದಲ್ಲಿ ನಿಂತಾಗ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಂಬಗಳು ಒಂದಕ್ಕೊಂದು ಬಹಳ ಹತ್ತಿರದಲ್ಲಿವೆ. ಇದು ಅಲಂಕಾರಕ್ಕಾಗಿ ಮಾತ್ರವಲ್ಲ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ತೊಲೆ ತನ್ನ ಭಾರಕ್ಕೆ ತಾನೇ ಕೊಂಚ ಬಾಗುತ್ತದೆ. ಆಗ ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಮೈ ಹಿಗ್ಗಲೆತ್ನಿಸುತ್ತದೆ. ಬಿರುಕು ಮೂಡುವುದು ಆ ಕೆಳಮೈಯಲ್ಲಿ. ತೊಲೆಯ ದಪ್ಪ ಬದಲಾಗದೆ ಕಂಬಗಳ ಅಂತರ ಮಾತ್ರ ಎರಡರಷ್ಟಾದರೆ, ಸ್ವಂತ ಭಾರದಿಂದಾಗುವ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಈ ಸೂತ್ರವನ್ನು ನಮ್ಮ ಶಿಲ್ಪಿಗಳು ಬರೆದಿಟ್ಟಿರಲಿಕ್ಕಿಲ್ಲ. ಆದರೆ ಅದನ್ನು ಪಾಲಿಸಿದ್ದಾರೆಂಬುದಕ್ಕೆ ಪ್ರತಿಯೊಂದು ಮಂಟಪವೂ ಸಾಕ್ಷಿ.

ಎರಡು ಕಲ್ಲುಗಳ ಕಥೆ

ಗದಗಿನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಬಾದಾಮಿಯಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ 6ರಿಂದ 8ನೆಯ ಶತಮಾನದವರೆಗೆ ಎದ್ದ ಗುಡಿಗಳೆಲ್ಲ ಮರಳುಗಲ್ಲಿನವು. ಹಳೆಯ ನೀರುಗಳ ತಳದಲ್ಲಿ ಶೇಖರವಾದ ಮರಳು ಕಾಲಾಂತರದಲ್ಲಿ ಬೆಸೆದುಕೊಂಡು ಆದ ಕಲ್ಲು ಅದು. ಅದರ ಒಂದೊಂದು ಕಣವೂ ಬೆಣಚು. 1812ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ಎಂಬಾತನು ರೂಪಿಸಿದ ಕಾಠಿಣ್ಯದ ಅಳತೆಗೋಲಿನಲ್ಲಿ ವಜ್ರಕ್ಕೆ 10, ಬೆಣಚಿಗೆ 7. ಸಾಧಾರಣ ಉಕ್ಕಿನ ಚಾಕುವಿಗೆ ಸುಮಾರು ಐದೂವರೆ. ಆದುದರಿಂದ ಮರಳುಗಲ್ಲನ್ನು ಕಡಿಯುವ ಶಿಲ್ಪಿಯ ಉಳಿ ಬೆಣಚಿನ ಕಣವನ್ನು ಕೊಯ್ಯಲಾರದು. ಕಣಕ್ಕೂ ಕಣಕ್ಕೂ ನಡುವಣ ಬೆಸುಗೆಯನ್ನು ಒಡೆದು ಕಣವನ್ನೇ ಉದುರಿಸುತ್ತದೆ. ಹೀಗಾಗಿ ಒಂದು ಕಣದ ಗಾತ್ರಕ್ಕಿಂತ ನಯವಾದ ಗೆರೆಯನ್ನು ಅಲ್ಲಿ ಬಯಸುವಂತಿಲ್ಲ.

ಗದಗ ಸೀಮೆಯ ಕಲ್ಲಿನ ಕಥೆ ಬೇರೆ. ಊರಿನ ಆಗ್ನೇಯಕ್ಕೆ ಶಿರಹಟ್ಟಿ, ಮುಂಡರಗಿಗಳ ಕಡೆಗೆ ಹಬ್ಬಿರುವ ಕಪ್ಪತಗುಡ್ಡದ ಸಾಲು ಭೂಮಿಯ ಅತಿ ಪ್ರಾಚೀನ ಶಿಲೆಗಳಿಂದಾದುದು. ಧಾರವಾಡ ಶಿಲಾಸ್ತೋಮವೆಂದು ಭೂವಿಜ್ಞಾನಿಗಳು ಕರೆಯುವ ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿಜ್ಞಾನಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇವಕ್ಕೆ ನಮ್ಮ ಧಾರವಾಡದ ಹೆಸರನ್ನಿಟ್ಟನು. ಅಂದು ಅಗ್ನಿಪರ್ವತಗಳು ಉಗುಳಿದ ಲಾವಾ ಆರಿ ಕಲ್ಲಾಯಿತು. ಮತ್ತೆ ನೆಲದಾಳಕ್ಕೆ ಇಳಿದು ಕೆಲವು ನೂರು ಡಿಗ್ರಿ ಶಾಖದಲ್ಲಿ, ಅಪಾರ ಒತ್ತಡದಲ್ಲಿ, ನೀರಿನ ಸಂಗದಲ್ಲಿ ಬೆಂದು ರೂಪಾಂತರ ಹೊಂದಿತು. ಹಾಗೆ ಹುಟ್ಟಿದ ಖನಿಜಗಳಲ್ಲಿ ಹಸಿರು ಬಣ್ಣದ ಕ್ಲೋರೈಟ್ ಮುಖ್ಯವಾದುದು. ಗ್ರೀಕ್ ಭಾಷೆಯ ಹಸಿರೆಂಬ ಅರ್ಥದ ಪದದಿಂದ ಬಂದ ಹೆಸರಿದು. ಕ್ಲೋರೈಟ್ ತುಂಬಿದ ಪದರುಗಲ್ಲೇ ನಮ್ಮ ಗುಡಿಗಳ ಕಲ್ಲು.

ಕ್ಲೋರೈಟಿನ ಕಾಠಿಣ್ಯ ಎರಡು, ಎರಡೂವರೆಯಷ್ಟು. ಅಂದರೆ ಉಗುರಿಗೆ ಸಮ. ಬಳಪದ ಕಲ್ಲಿನ ಇನ್ನೊಂದು ಖನಿಜವಾದ ಟಾಲ್ಕಿನ ಕಾಠಿಣ್ಯ ಕೇವಲ ಒಂದು. ಮೈಗೆ ಹಚ್ಚುವ ಪೌಡರಿನ ಟಾಲ್ಕ್ ಇದೇ. ಇವೆರಡರ ಒಳರಚನೆ ಹಾಳೆಗಳನ್ನು ಒಟ್ಟಿದ ಪುಸ್ತಕದಂತೆ. ಒಂದೊಂದು ಹಾಳೆಯೊಳಗೆ ಸಿಲಿಕಾನ್, ಆಮ್ಲಜನಕ, ಮೆಗ್ನೀಸಿಯಂಗಳ ಬಂಧ ಬಿಗಿ. ಹಾಳೆ ಹಾಳೆಗಳ ನಡುವಣ ಬಂಧ ಸಡಿಲ. ಉಳಿ ತಾಗಿದಾಗ ಹಾಳೆಗಳು ಜಾರಿ ಕಲ್ಲು ಕೊಯ್ದಂತಾಗುತ್ತದೆ. ಕಣಗಳೂ ಅತಿ ಸಣ್ಣವು. ಆದುದರಿಂದ ದಾರದಷ್ಟು ತೆಳ್ಳನೆಯ ಗೆರೆಯೂ ಅಲ್ಲಿ ನಿಲ್ಲುತ್ತದೆ; ಉಜ್ಜಿದರೆ ಕನ್ನಡಿಯಂತಹ ಹೊಳಪೂ ಬರುತ್ತದೆ. ನೆಲದಿಂದ ಆಗ ತಾನೆ ತೆಗೆದ ಹಸಿಗಲ್ಲು ಇನ್ನೂ ಮೆದುವೆಂದೂ ಗಾಳಿಗೆ ಒಣಗಿದಂತೆ ಬಿಗಿಯುತ್ತದೆಂದೂ ಶಿಲ್ಪಿಗಳು ಹೇಳುತ್ತಾರೆ.

ಇನ್ನು ಮೊದಲ ಪ್ರಶ್ನೆ: ಮೆದುಕಲ್ಲು ಇಷ್ಟು ಕಾಲ ಬಾಳಿದುದು ಹೇಗೆ? ಕಾಠಿಣ್ಯ ಬೇರೆ, ಬಾಳಿಕೆ ಬೇರೆ ಎಂಬುದೇ ಇದಕ್ಕೆ ಉತ್ತರ. ಕಾಠಿಣ್ಯವೆಂದರೆ ಗೀರನ್ನು ತಡೆಯುವ ಶಕ್ತಿ. ಮಳೆಯಾಗಲಿ ಬಿಸಿಲಾಗಲಿ ಕಲ್ಲನ್ನು ಗೀರುವುದಿಲ್ಲ. ಅವು ರಂಧ್ರಗಳೊಳಗೆ ನುಸುಳಿ, ಖನಿಜಗಳನ್ನು ಕರಗಿಸಿ ಕೆಡಿಸುತ್ತವೆ. ಒತ್ತಾದ, ರಂಧ್ರಗಳು ವಿರಳವಾದ ಕಲ್ಲಿನೊಳಕ್ಕೆ ನೀರು ಸುಲಭವಾಗಿ ಇಳಿಯದು. ನೀರಿನ ಸಂಗದಲ್ಲಿಯೇ ಹುಟ್ಟಿದ ಕ್ಲೋರೈಟನ್ನು ಮಳೆಯ ನೀರು ಬಹು ನಿಧಾನವಾಗಿ ಮಾತ್ರ ಕೆಡಿಸಬಲ್ಲದು.

ತಿರುಗಿದ ಕಂಬ

ಸರಸ್ವತಿಯ ಗುಡಿಯ ಕಂಬದ ಬಳೆಗಳನ್ನು ಮತ್ತೊಮ್ಮೆ ನೋಡೋಣ. ಅವು ಎಲ್ಲ ಕಡೆಯಿಂದಲೂ ಒಂದೇ ಆಳ, ಒಂದೇ ದುಂಡು. ಬರಿಯ ಕೈಯಿಂದ ಕಡಿದರೆ ಎಂತಹ ಕುಶಲಿಗೂ ಎಲ್ಲಿಯಾದರೂ ಕೂದಲೆಳೆಯ ಅಂತರ ಬಂದೇ ತೀರಬೇಕು. ಇಷ್ಟು ಪರಿಪೂರ್ಣವಾದ ವೃತ್ತ ಬರಬೇಕಾದರೆ ಉಳಿ ನಿಂತಿರಬೇಕು, ಕಲ್ಲು ತಿರುಗಬೇಕು. ಚನ್ನಪಟ್ಟಣದ ಬೊಂಬೆಗಾರರು ಮರವನ್ನು ಲೇತಿನ ಮೇಲೆ ತಿರುಗಿಸಿ ಕಡೆಯುವಂತೆ ಚಾಲುಕ್ಯರ ಶಿಲ್ಪಿಗಳು ಕಲ್ಲನ್ನು ತಿರುಗಿಸಿ ಕಡೆದರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಅದು ಸಾಮಾನ್ಯದ ಕೆಲಸವಲ್ಲ. ಅರ್ಧ ಮೀಟರ್ ವ್ಯಾಸ, ಎರಡು ಮೀಟರ್ ಎತ್ತರದ ಕಂಬವೊಂದನ್ನು ಊಹಿಸಿಕೊಳ್ಳಿ. ಅದರ ಘನಗಾತ್ರ ಸುಮಾರು 0.39 ಘನಮೀಟರ್. ಘನಮೀಟರಿಗೆ 2800 ಕಿಲೋಗ್ರಾಮಿನಂತೆ ತೂಕ ಹಿಡಿದರೆ ಕಂಬ ಸಾವಿರ ಕಿಲೋಗ್ರಾಮನ್ನು ಮೀರುತ್ತದೆ. ಇಂತಹ ಭಾರವನ್ನು ಅಡ್ಡಲಾಗಿ ಮಲಗಿಸಿ ತಿರುಗಿಸುವುದಕ್ಕಿಂತ, ನೆಟ್ಟಗೆ ನಿಲ್ಲಿಸಿ ಬುಗುರಿಯಂತೆ ಬುಡದ ಮೊಳೆಯ ಮೇಲೆ ಸುತ್ತಿಸುವುದು ಸುಲಭ. ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುವುದರಿಂದ ತಿರುಗಿಸಲು ಬೇಕಾದ ಬಲ ಕಡಿಮೆ. ಕಂಬಗಳಲ್ಲಿ ಎಷ್ಟೋ ಕಡೆ ಬುಡ ಚೌಕವಾಗಿಯೇ ಉಳಿದು ಮೇಲಿನ ಭಾಗ ಮಾತ್ರ ದುಂಡಾಗಿರುವುದನ್ನೂ ಗಮನಿಸಬೇಕು. ಇದೇ ಕೆಲಸವನ್ನು ಮರಳುಗಲ್ಲಿನ ಮೇಲೆ ಮಾಡಹೊರಟರೆ ಬೆಣಚಿನ ಕಣಗಳು ಕೆಲವೇ ಸುತ್ತುಗಳಲ್ಲಿ ಉಳಿಯ ಮೊನೆಯನ್ನೇ ತಿಂದುಹಾಕುತ್ತಿದ್ದವು. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಮೆದುಕಲ್ಲು ದೊರೆತುದರಿಂದ ಹೊಸ ಉಪಕರಣ ಸಾಧ್ಯವಾಯಿತು; ಹೊಸ ಉಪಕರಣದಿಂದ ಹೊಸ ಶೈಲಿಯೇ ಹುಟ್ಟಿತು.

ಲಕ್ಕುಂಡಿಯ ದಾರಿಯಲ್ಲಿ

ಗದಗಿನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ಶಾಸನಗಳ ಲೊಕ್ಕಿಗುಂಡಿ ಇದೇ. ಟಂಕಸಾಲೆಯಿದ್ದ ಪಟ್ಟಣವಾಗಿ, 12ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನ ನೆಲೆವೀಡಾಗಿ ಮೆರೆದ ಊರು ಇಂದು ಒಂದು ಹಳ್ಳಿ. ಮನೆಗಳ ಮಗ್ಗುಲಲ್ಲಿ ಗುಡಿ, ಗುಡಿಯ ಹಿಂದೆ ಹಿತ್ತಿಲು, ಹಿತ್ತಿಲಾಚೆ ಬಾವಿ. ಇದು ಲಕ್ಕುಂಡಿಯ ನೋಟ.

ಇಲ್ಲಿಯ ಬ್ರಹ್ಮಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ಕವಿ ರನ್ನನಿಗೆ ಆಶ್ರಯವಿತ್ತ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಈಕೆ. ಹೊಸ ಕಲ್ಲಿಗೆ ಶಿಲ್ಪಿಗಳು ಹೊರಳಿದ ಮೊದಲ ಹೆಜ್ಜೆಗಳಲ್ಲಿ ಈ ಬಸದಿ ಒಂದು. ಇದರ ಹೊರಗೋಡೆ ಬಹುಮಟ್ಟಿಗೆ ಸರಳ. ಇಲ್ಲಿಂದ ನಡೆದು ಕಾಶಿವಿಶ್ವೇಶ್ವರನ ಗುಡಿಗೆ ಬಂದರೆ ಅದೇ ಕಲ್ಲು ಬಾಯ್ದೆರೆದು ಮಾತನಾಡುವಂತೆ ತೋರುತ್ತದೆ. ಶಿವನ ಗುಡಿಯೂ ಸೂರ್ಯನ ಗುಡಿಯೂ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತಿವೆ. ಬಾಗಿಲವಾಡದ ಒಂದೊಂದು ಪಟ್ಟಿಯಲ್ಲಿಯೂ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಆಕೃತಿ, ಆಕೃತಿಯ ಹಿಂದೆ ನೆರಳು. ಎರಡು ಕಟ್ಟಡಗಳ ನಡುವೆ ಕಾಲವೂ ದೂರವೂ ಹೆಚ್ಚಿಲ್ಲ. ಆದರೆ ಕೈ ಕಲ್ಲನ್ನು ಅರಿತುಕೊಂಡ ಕಥೆಯೆಲ್ಲ ಆ ನಡಿಗೆಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಗೂ ಇಳಿದು ನೋಡಬೇಕು. ನೀರಿನವರೆಗೆ ಇಳಿಯುವ ಮೆಟ್ಟಿಲುಗಳ ನಡುನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗುಡಿಗಳಿವೆ.

ಡಂಬಳದ ನಕ್ಷತ್ರ

ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಸುಮಾರು 20 ಕಿಲೋಮೀಟರಿನಲ್ಲಿ ಡಂಬಳ ಸಿಕ್ಕುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಭೀಮರಾಯನಿಂದ ಮುಂಡರಗಿಯ ಹೆಸರು ಚರಿತ್ರೆಯಲ್ಲಿ ನಿಂತಿದೆ. ಅದೇ ತಾಲ್ಲೂಕಿನ ಡಂಬಳದ ಹೆಸರು ಅದಕ್ಕೂ ಹಳೆಯದು. 1095ರ ಶಾಸನವೊಂದು ಇಲ್ಲಿ ಬೌದ್ಧರ ವಿಹಾರವೂ ತಾರಾದೇವಿಯ ಗುಡಿಯೂ ಇದ್ದುದನ್ನು ತಿಳಿಸುತ್ತದೆ. ಜೈನ, ಬೌದ್ಧ, ಶೈವರೆಲ್ಲ ಹತ್ತಿರ ಹತ್ತಿರದಲ್ಲಿಯೇ ಬಾಳಿದ ನೆಲವಿದು.

ಇಲ್ಲಿಯ ದೊಡ್ಡಬಸಪ್ಪನ ಗುಡಿಯ ಗರ್ಭಗೃಹವನ್ನು ಹೊರಗಿನಿಂದ ಸುತ್ತಿಬಂದರೆ ಗೋಡೆ ಎಲ್ಲಿಯೂ ನೇರವಾಗಿಲ್ಲ. ಮೂಲೆಯ ಪಕ್ಕಕ್ಕೆ ಮೂಲೆ ಬರುತ್ತಲೇ ಇರುತ್ತದೆ. ಇದರ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಅದೇ ನಕ್ಷತ್ರ ಶಿಖರದ ಹಂತ ಹಂತದಲ್ಲಿಯೂ ಕಿರಿದಾಗುತ್ತ ಮೇಲೇರುತ್ತದೆ. ನೋಡಲು ಎಷ್ಟು ಜಟಿಲವೋ ಎಳೆಯಲು ಅಷ್ಟೇ ಸುಲಭವಾದ ಆಕೃತಿಯಿದು. ವಾಚಕರು ಕೈವಾರ ಹಿಡಿದು ಪರೀಕ್ಷಿಸಬಹುದು. ಒಂದು ವೃತ್ತವನ್ನೆಳೆಯಿರಿ. ತ್ರಿಜ್ಯದಷ್ಟೇ ಅಂತರದಲ್ಲಿ ಪರಿಧಿಯ ಮೇಲೆ ಗುರುತಿಡುತ್ತ ಹೋದರೆ ಸರಿಯಾಗಿ ಆರು ಬಿಂದುಗಳಾಗುತ್ತವೆ. ಪ್ರತಿ ಭಾಗವನ್ನು ಅರ್ಧಿಸಿದರೆ 12. ಮತ್ತೆ ಅರ್ಧಿಸಿದರೆ 24. ಈಗ 1, 7, 13, 19ನೆಯ ಬಿಂದುಗಳನ್ನು ಕೂಡಿಸಿ, ಒಂದು ಚೌಕವಾಯಿತು. 2, 8, 14, 20ನ್ನು ಕೂಡಿಸಿ. ಮೊದಲಿನ ಚೌಕ 15 ಡಿಗ್ರಿ ತಿರುಗಿದಂತಾಯಿತು. ಹೀಗೆ ಆರು ಚೌಕಗಳಾದಾಗ ಹೊರ ಅಂಚಿನಲ್ಲಿ ನಕ್ಷತ್ರ ಮೂಡುತ್ತದೆ. ಪ್ರತಿ ಮೊನೆಯೂ ಲಂಬಕೋನ. ಎರಡು ಮೊನೆಗಳ ನಡುವಣ ಸಂದು ತ್ರಿಜ್ಯದ ಸುಮಾರು ನೂರರಲ್ಲಿ ಹನ್ನೊಂದು ಪಾಲಿನಷ್ಟು ಒಳಕ್ಕೆ ಸರಿದಿರುತ್ತದೆ. ಇಷ್ಟಕ್ಕೂ ಬೇಕಾದುದು ಒಂದು ಗೂಟ, ಒಂದು ಹಗ್ಗ.

ಮೊನೆಗಳೆಲ್ಲ ಲಂಬಕೋನವಾಗಿರುವುದರಿಂದ ಕಲ್ಲುಕುಟಿಗನಿಗೂ ಅನುಕೂಲ. ಚೌಕದ ಮೂಲೆಗಳನ್ನೇ ಅವನು ಕಡಿದರೆ ಸಾಕು. ನೋಡುವವನಿಗೆ ಲಾಭ ಬೇರೆ: ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಪ್ರತಿ ಮೊನೆಯ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ಕಪ್ಪಾಗುತ್ತದೆ. ಸೂರ್ಯ ಸರಿದಂತೆ ನೆರಳಿನ ಗೆರೆಗಳೂ ಸರಿಯುತ್ತವೆ. ನಡುಹಗಲಿನಲ್ಲಿ ಬಂದವನು ಈ ನೋಟವನ್ನು ಕಳೆದುಕೊಳ್ಳುತ್ತಾನೆ.

ಪುಲಿಗೆರೆಯ ಕಡೆಗೆ

ಗದಗಿನ ದಕ್ಷಿಣಕ್ಕೆ ಹೊರಟರೆ ಶಿರಹಟ್ಟಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಶ್ರದ್ಧೆಯಿಂದ ನಡೆದುಕೊಳ್ಳುವ ಫಕೀರೇಶ್ವರ ಮಠ ಇಲ್ಲಿದೆ. ಮುಂದೆ ಸಾಗಿದರೆ ಲಕ್ಷ್ಮೇಶ್ವರ; ಪ್ರಾಚೀನರ ಪುಲಿಗೆರೆ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಆದಿಕವಿ ಪಂಪನು ತನ್ನ ಭಾಷೆ ಈ ಪುಲಿಗೆರೆಯ ತಿರುಳುಗನ್ನಡವೆಂದು ಹೇಳಿಕೊಂಡಿದ್ದಾನೆ. ಕೋಟೆಯಂತಹ ಎತ್ತರದ ಪೌಳಿಯ ನಡುವೆ ಸೋಮೇಶ್ವರನ ಗುಡಿ ನಿಂತಿದೆ. ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿ ಇಲ್ಲಿಯ ವಿಶೇಷ. ಊರೊಳಗೆ ಶಂಖಬಸದಿಯೂ ಆದಿಲಶಾಹಿಗಳ ಕಾಲದ ಜಾಮಿಯಾ ಮಸೀದಿಯೂ ಇವೆ. ಗದಗ, ಲಕ್ಕುಂಡಿಗಳಲ್ಲಿ ಕಂಬದ ಭಾಷೆಯನ್ನು ಕಲಿತು ಬಂದವನಿಗೆ ಇಲ್ಲಿ ಪ್ರತಿ ಕಲ್ಲಿನ ಮುಂದೆಯೂ ನಿಲ್ಲಬೇಕೆನ್ನಿಸುತ್ತದೆ.

ಪದರಗಳ ಎರಡು ಮುಖ

ದಾರಿಯುದ್ದಕ್ಕೂ ನಮ್ಮ ಜೊತೆಗೆ ಬಂದುದು ಎರೆಮಣ್ಣು. ಬೇಸಿಗೆಯಲ್ಲಿ ಅದು ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಆಶ್ಚರ್ಯವೆಂದರೆ, ಈ ಮಣ್ಣಿನ ಜೇಡಿಯೂ ಕ್ಲೋರೈಟಿನ ದಾಯಾದಿಯೇ. ಇದರ ಒಳರಚನೆಯೂ ಹಾಳೆ ಹಾಳೆಯಾದುದು. ಕ್ಲೋರೈಟಿನಲ್ಲಿ ಎರಡು ಹಾಳೆಗಳ ನಡುವೆ ಇನ್ನೊಂದು ತೆಳುಹಾಳೆ ಸೇರಿ ಬೀಗ ಹಾಕಿದಂತೆ ನೀರನ್ನು ಹೊರಗಿಡುತ್ತದೆ. ಎರೆಮಣ್ಣಿನ ಮಾಂಟ್‌ಮೊರಿಲೋನೈಟ್ ಎಂಬ ಜೇಡಿಯಲ್ಲಿ ಆ ಬೀಗವಿಲ್ಲ. ಮಳೆಯ ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಗದಗಿನ ಹತ್ತಿಗೆ ತೇವವನ್ನು ಕಾಪಾಡಿಕೊಡುವುದು ಈ ಗುಣವೇ. ಆದರೆ ಇಂತಹ ನೆಲದ ಮೇಲೆ ನಿಂತ ಕಟ್ಟಡ ವರ್ಷವರ್ಷವೂ ಉಸಿರಾಡುವ ಮೈಯ ಮೇಲೆ ಕುಳಿತಂತೆ. ಒಂದು ಮೂಲೆ ಏರಿ ಇನ್ನೊಂದು ಇಳಿದರೆ ಗಾರೆಯಿಲ್ಲದೆ ಕೇವಲ ಭಾರದಿಂದ ಕೂಡಿಕೊಂಡ ಕಲ್ಲುಗಳು ಬಾಯಿ ಬಿಡುತ್ತವೆ. ತೊಲೆಯ ಕೆಳಮೈ ಸೀಳುತ್ತದೆ. ಗುಡಿಯ ಬುಡದಲ್ಲಿ ನೀರು ನಿಲ್ಲಗೊಡದಿರುವುದು ಶಿಖರವನ್ನು ದುರಸ್ತಿ ಮಾಡುವುದಕ್ಕಿಂತಲೂ ಮುಖ್ಯವಾಗುವುದು ಇದರಿಂದಲೇ.

ನಮ್ಮ ಪಾಲಿನ ಹೊಣೆ

ಇಂತಹ ಸ್ಮಾರಕಗಳ ರಕ್ಷಣೆಗೆ 1958ರ ಕಾಯಿದೆಯುಂಟು. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರಿನಲ್ಲಿ ಅಪ್ಪಣೆ ಬೇಕು. ಲಕ್ಕುಂಡಿಯಂತಹ ಊರಿನಲ್ಲಿ ಗುಡಿಗೆ ತಾಗಿ ಬಾಳುತ್ತಿರುವ ಸಂಸಾರಗಳಿಗೆ ಇದು ಸಣ್ಣ ಕಟ್ಟುಪಾಡಲ್ಲ. ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸಲೂ ಯೋಚಿಸಬೇಕು. ನಾವು ಒಂದು ಹಗಲು ನೋಡಿ ಹೊರಡುವ ಸೌಂದರ್ಯಕ್ಕೆ ಅವರು ವರ್ಷವೆಲ್ಲ ಬೆಲೆ ತೆರುತ್ತಾರೆಂಬುದನ್ನು ಪ್ರಯಾಣಿಕ ಮರೆಯಬಾರದು. ಕಪ್ಪತಗುಡ್ಡಕ್ಕೂ ಇಂತಹದೇ ಕಥೆಯುಂಟು. ಅದರ ಒಡಲಿನ ಚಿನ್ನಕ್ಕೂ ಕಬ್ಬಿಣಕ್ಕೂ ಕಣ್ಣುಬಿದ್ದುದು ಇಂದು ನಿನ್ನೆಯದಲ್ಲ. ಜನರ ದೀರ್ಘ ಹೋರಾಟದ ಅನಂತರ 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು.

ಕಾಯಿದೆ ಮಾಡಲಾರದ ಕೆಲಸ ಇನ್ನೊಂದಿದೆ. ಮಳೆ ಒಂಬೈನೂರು ವರ್ಷಗಳಲ್ಲಿ ಅಳಿಸಲಾರದ ಗೆರೆಯನ್ನು ಒಂದು ಕಬ್ಬಿಣದ ಮೊಳೆ ಅರೆನಿಮಿಷದಲ್ಲಿ ಅಳಿಸಬಲ್ಲದು. ಮೊಳೆಯ ಕಾಠಿಣ್ಯ ನಾಲ್ಕನ್ನು ಮೀರುತ್ತದೆ, ಕಲ್ಲಿನದು ಎರಡೂವರೆ. ಲೆಕ್ಕ ಅಷ್ಟು ಸರಳ. ಕಂಬದ ಮೇಲೆ ಹೆಸರು ಕೆತ್ತುವವನಿಗೆ ತಾನು ಗಟ್ಟಿಗಲ್ಲಿನ ಮೇಲೆ ಆಟವಾಡುತ್ತಿರುವೆನೆಂಬ ಭಾವನೆಯಿರುತ್ತದೆ. ದೀಪದ ಎಣ್ಣೆ, ಕರ್ಪೂರದ ಮಸಿ, ಶಾಸನ ಓದಲೆಂದು ಉಜ್ಜುವ ಸುಣ್ಣ, ಇವೂ ನಯವಾದ ಗೆರೆಗಳನ್ನು ತುಂಬಿ ಮುಚ್ಚುತ್ತವೆ; ಅವನ್ನು ತೆಗೆಯಹೋದ ಕೈ ಗೆರೆಯನ್ನೂ ತೆಗೆಯುತ್ತದೆ.

ಆದುದರಿಂದ ಗದಗ ಸೀಮೆಗೆ ಹೊರಡುವ ವಿದ್ಯಾರ್ಥಿಗಳು ಒಂದು ದಾರ, ಒಂದು ಅಳತೆಪಟ್ಟಿ, ಒಂದು ಪುಸ್ತಕವನ್ನು ಜೊತೆಗೊಯ್ಯಲಿ. ಕಂಬಕ್ಕೆ ದಾರ ಸುತ್ತಿ ಪರಿಧಿಯನ್ನು ಅಳೆಯಬಹುದು. ಕಂಬಗಳ ಅಂತರವನ್ನು ಹೆಜ್ಜೆಯಿಂದ ಎಣಿಸಬಹುದು. ಡಂಬಳದ ಮೊನೆಗಳನ್ನು ಎಣಿಸಿ ನಕ್ಷೆಯೊಡನೆ ಹೋಲಿಸಬಹುದು. ಕಾಠಿಣ್ಯವನ್ನು ಪರೀಕ್ಷಿಸುವ ಆಸೆಯಾದರೆ ದಾರಿಯ ಬದಿಯಲ್ಲಿ ಬಿದ್ದ ಕಲ್ಲುಗಳು ಬೇಕಾದಷ್ಟಿವೆ. ಬಳಪದಿಂದ ಪಾಟಿಯ ಮೇಲೆ ಬರೆದುದನ್ನು ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಬಳಪದ ಕಲ್ಲಿನ ಮೇಲೆಯೇ ಗೀಚಿದುದನ್ನು ಒರಸುವ ಬಟ್ಟೆ ಇನ್ನೂ ಹುಟ್ಟಿಲ್ಲ.